ಬಲಕ್ಕೆ ಎಳೆಯುವ ಗಾಡಿ

"ಗಾಡಿಗೆ ಒರಗ್ಬೇಡಿ ಸಾರ್," ಎಂದರು ನೂಲು ಮೇಸ್ತ್ರಿ. "ಬೆರಳೂ ಇಡ್ಬೇಡಿ. ಅದಕ್ಕೆ ಗೊತ್ತಾಗ್ಬಿಡತ್ತೆ."

"ಏನು ಗೊತ್ತಾಗತ್ತೆ?"

"ಭಾರ."

ಕಾರ್ಖಾನೆ ಯಜಮಾನರ ಅಳಿಯ ಕಾದ ಹೆಂಚು ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

ಅಲೈನ್‌ಮೆಂಟ್ ರ‍್ಯಾಂಪಿನ ಮೇಲೆ ಬಿಳಿಯ ಎಲೆಕ್ಟ್ರಿಕ್ ಎಸ್‌ಯುವಿ ಸದ್ದಿಲ್ಲದೆ ನಿಂತಿತ್ತು. ನಾಲ್ಕು ಚಕ್ರಗಳಿಗೂ ಕ್ಲ್ಯಾಂಪು ಕಚ್ಚಿಸಿ, ಒಂದೊಂದಕ್ಕೂ ಚುಕ್ಕಿ ಚುಕ್ಕಿಯ ಫಲಕ ಸಿಕ್ಕಿಸಲಾಗಿತ್ತು. ಎದುರಿನ ಕಂಬದ ಮೇಲಿದ್ದ ಕ್ಯಾಮೆರಾಗಳು ಆ ಫಲಕಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದವು. ಯಾರೋ ದೊಡ್ಡ ಮನುಷ್ಯರಿಗೆ ಇಸಿಜಿ ತೆಗೆಯುತ್ತಿರುವ ಹಾಗಿತ್ತು.

ಗೋಡೆಗೆ ಆನಿಸಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸರ್ವೇಯರಮ್ಮ ಕೂತಿದ್ದರು. ಇನ್ಶೂರೆನ್ಸ್ ಕಂಪನಿಗಾಗಿ ಜಜ್ಜಿದ ಗಾಡಿಗಳನ್ನು ನೋಡಿ ಯಾರದು ತಪ್ಪು ಎಂದು ಹೇಳುವುದು ಅವರ ಕೆಲಸ. ಗಂಡಸರು ಅವರ ಮುಂದೆ ಗಾಡಿಯ ಬಗ್ಗೆ ಸುಳ್ಳು ಹೇಳಿ ಹೇಳಿ, ಸುಳ್ಳಿನ ಸದ್ದು ಅವರಿಗೆ ಬೇರಿಂಗಿನ ಸದ್ದಿನಷ್ಟೇ ಪರಿಚಯವಾಗಿಬಿಟ್ಟಿತ್ತು.

ಸೋಮವಾರ ಸಂಜೆ ಅಂಗಿಗುಂಡಿ ಕಾರ್ಖಾನೆಯ ಅಚ್ಚಿನ ಕೋಣೆಯಲ್ಲಿ ಅಚ್ಚಿನಜ್ಜನ ತಲೆ ಒಡೆದಿತ್ತು, ಅಜ್ಜ ಹೊಸದಾಗಿ ಕೆತ್ತಿ ಮುಗಿಸಿದ್ದ ಉಕ್ಕಿನ ಅಚ್ಚು ಮಾಯವಾಗಿತ್ತು, ಇದೇ ಕಾರಿನ ಡ್ರೈವರ್ ಲಾಕಪ್ ಸೇರಿದ್ದ. ಆ ಡ್ರೈವರ್ ಸರ್ವೇಯರಮ್ಮನ ಮೈದುನ.

ಇದು ಅಳಿಯನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದೇ ಅವರು ಅಷ್ಟು ಸಾವಧಾನವಾಗಿ ಕೂತಿದ್ದು.

ಕಾರ್ಖಾನೆಯಲ್ಲಿ ಅಳಿಯನಿಗೆ ಜನರಲ್ ಮ್ಯಾನೇಜರ್ ಎಂಬ ಫಲಕವಿತ್ತು. ಆದರೂ ಗೇಟಿನವನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಅವನನ್ನು ಅಳಿಯ ಎಂದೇ ಹೇಳುತ್ತಿದ್ದರು. ಹುದ್ದೆ ಸಿಕ್ಕಿದ್ದೇ ಆ ಕಾರಣಕ್ಕಾದ್ದರಿಂದ ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಮಧ್ಯಾಹ್ನ ಗಾಡಿ ತಂದವನು, ಸರ್ವೇಯರಮ್ಮನನ್ನು ಕಂಡ ಕೂಡಲೇ ತಾನಾಗಿಯೇ ಬಲೆಗೆ ಬಂದಿದ್ದ.

"ಮೇಡಂ, ನೀವು ಇನ್ಶೂರೆನ್ಸಿನೋರಲ್ವಾ? ರಸ್ತೆ ಹಳ್ಳಕ್ಕೆ ಬಿದ್ದು ಅಲೈನ್‌ಮೆಂಟ್ ಹೋದ್ರೆ ಕ್ಲೇಮ್ ಆಗತ್ತಾ?"

"ನೋಡೋಣ. ಹಳ್ಳ ಎಲ್ಲಿತ್ತು?"

"ಎಲ್ಲೋ ಇತ್ತು."

"ಎಲ್ಲೋ ಇರೋ ಹಳ್ಳಕ್ಕೆ ಕ್ಲೇಮ್ ಕಷ್ಟ. ಇರಲಿ, ಕೂತು ನೋಡ್ತೀನಿ."

ಹಾಗೆ ಕೂತಿದ್ದರು. ಮೇಸ್ತ್ರಿ ಬೆಳಗ್ಗೆಯೇ ಫೋನ್ ಮಾಡಿ "ಗುಂಡಿ ಕಾರ್ಖಾನೆ ಕಾರು ಬರ್ತಿದೆ ಅಮ್ಮ" ಎಂದಿದ್ದ ವಿಷಯ ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ. ಮೇಸ್ತ್ರಿ ಯಾಕೆ ಫೋನ್ ಮಾಡಿದರು ಎಂಬ ಪ್ರಶ್ನೆ ಮಾತ್ರ ಮನಸ್ಸಿನ ಮೂಲೆಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿತ್ತು. ಯಾರೂ ಸುಮ್ಮನೆ ಉಪಕಾರ ಮಾಡುವುದಿಲ್ಲವೆಂದು ಅವರ ವೃತ್ತಿ ಅವರಿಗೆ ಕಲಿಸಿತ್ತು.

ನೂಲು ಮೇಸ್ತ್ರಿಗೆ ಆ ಹೆಸರು ಬಂದದ್ದು ಕಂಪ್ಯೂಟರು ಬರುವ ಮುಂಚಿನ ಕಾಲದಲ್ಲಿ. ಆಗ ಅವರು ಗಾಡಿಯ ಎರಡೂ ಬದಿಗೆ ನೂಲು ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ, ಚಕ್ರ ಸೊಟ್ಟಗಿದೆಯೋ ನೆಟ್ಟಗಿದೆಯೋ ಹೇಳುತ್ತಿದ್ದರು. ಈಗ ಕಂಪ್ಯೂಟರಿದೆ, ಒಂದು ಕಣ್ಣು ಮುಚ್ಚುವ ಚಟ ಮಾತ್ರ ಹೋಗಿಲ್ಲ. ಮಾತಾಡುವಾಗಲೂ ಎದುರಿಗಿದ್ದವರನ್ನು ಒಂದೇ ಕಣ್ಣಿನಿಂದ ಅಳೆಯುತ್ತಾರೆ. ಹೊಗಳಿಕೆಗೆ ಎರಡೂ ಕಣ್ಣು ತೆರೆಯುತ್ತಾರೆ.

"ಯಾವ ಕಡೆಗೆ ಎಳೀತದೆ ಅಂದ್ರಿ?"

"ಬಲಕ್ಕೆ. ಸ್ಟೀರಿಂಗ್ ಬಿಟ್ರೆ ಸಾಕು, ನಿಧಾನಕ್ಕೆ ಬಲಕ್ಕೆ ಹೋಗತ್ತೆ."

"ಯಾವಾಗಿಂದ?"

"ನಿನ್ನೆ ಬೆಳಗ್ಗೆಯಿಂದ. ಮೊನ್ನೆವರೆಗೂ ಗೆರೆ ಎಳೆದ ಹಾಗೆ ಹೋಗ್ತಿತ್ತು ಮೇಸ್ತ್ರಿ. ಬೇಗ ಮುಗಿಸಿ, ಇವತ್ತೇ ದೂರ ಹೋಗೋದಿದೆ."

ಮಾವನ ಕಾರ್ಖಾನೆಯಲ್ಲಿ ತಲೆ ಒಡೆದು, ಆಸ್ಪತ್ರೆಯಲ್ಲಿ ಒಬ್ಬ ಮುದುಕ ಕಣ್ಣು ಬಿಡದೆ ಮಲಗಿರುವಾಗ ದೂರ ಹೋಗಬೇಕಾದಂಥ ಕೆಲಸ ಯಾವುದು? ಸರ್ವೇಯರಮ್ಮ ಕೇಳಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಒರೆಸಿದರು.

ಮೇಸ್ತ್ರಿ ಟೈರಿನ ಗಾಳಿ ನೋಡಿದರು. ಗಾಡಿಯೊಳಗಿನ ಪರದೆಯ ಮೇಲೆ ಬೆರಳಾಡಿಸಿ ಗಾಡಿಯ ಎತ್ತರವನ್ನು ನಾರ್ಮಲ್‌ಗೆ ತಂದರು. ಗಾಡಿ ‘ಉಸ್’ ಎಂದು ಸ್ವಲ್ಪ ಕುಗ್ಗಿ, ಕುಗ್ಗಿದ್ದು ಜಾಸ್ತಿಯಾಯಿತೆಂದು ಮತ್ತೆ ಕೂದಲೆಳೆಯಷ್ಟು ಎದ್ದು, ಸಮಾಧಾನಪಟ್ಟಿತು. ಆಮೇಲೆ ಎತ್ತರ ಲಾಕ್ ಮಾಡಿದರು.

"ಇದಕ್ಕೆ ಸ್ಪ್ರಿಂಗ್ ಇಲ್ಲ ಅಮ್ಮ," ಎಂದರು ಸರ್ವೇಯರಮ್ಮನ ಕಡೆಗೆ ತಿರುಗಿ. ಅವರಿಗೆ ಗೊತ್ತಿದೆಯೆಂದು ಗೊತ್ತಿದ್ದೂ ಹೇಳುವುದರಲ್ಲೇ ಸುಖವಿತ್ತು. "ನಾಲ್ಕು ಮೂಲೇಲೂ ರಬ್ಬರಿನ ಗಾಳಿಚೀಲ. ಎತ್ತರ ಲಾಕ್ ಮಾಡದೆ ಅಳೆಯೋಕೆ ಹೋದ್ರೆ, ನಾವು ಅಳೀತಿರೋವಾಗ್ಲೇ ಏಳತ್ತೆ, ಕೂರತ್ತೆ. ಬೇರೆ ಶೆಡ್ಡಿನೋರು ಅದನ್ನೇ ಮರೀತಾರೆ. ಆಮೇಲೆ ಆರು ತಿಂಗಳಿಗೆ ಟೈರು ಒಳಗಡೆ ತಿಂದುಕೊಂಡು ನನ್ನ ಹತ್ರಾನೇ ಬರತ್ತೆ."

"ಡಿಕ್ಕಿ ಖಾಲಿ ಇದೆಯಾ?" ಎಂದು ಅಳಿಯನನ್ನು ಕೇಳಿದರು. "ಸಾಮಾನಿದ್ರೆ ತೆಗೀಬೇಕು. ಭಾರ ಇಟ್ಕೊಂಡು ಅಳೀಬಾರ್ದು."

"ಖಾಲಿ. ಬೇಕಾದ್ರೆ ನೋಡ್ಕೊಳ್ಳಿ."

ಬೇಕಾದರೆ ನೋಡಿಕೊಳ್ಳಿ ಎಂದವನು ನೋಡುವವರೆಗೂ ಉಸಿರು ಹಿಡಿದಿದ್ದ. ಮೇಸ್ತ್ರಿ ಹಿಂಬಾಗಿಲು ಎತ್ತಿದರು. ಡಿಕ್ಕಿಯಲ್ಲಿ ಒಂದು ಛತ್ರಿಯೂ ಇರಲಿಲ್ಲ. ಬಾಗಿಲು ಮುಚ್ಚಿದಾಗ ಅಳಿಯ ಉಸಿರು ಬಿಟ್ಟ. ಬಿಡುವಾಗ ಸೊಂಟ ಹಿಡಿದುಕೊಂಡ.

"ಸೊಂಟ ನೋವಾ?" ಎಂದರು ಸರ್ವೇಯರಮ್ಮ.

"ಮಲಗಿದ್ದು ಸರಿ ಆಗ್ಲಿಲ್ಲ ಮೇಡಂ."

"ಏನಾದ್ರೂ ಎತ್ತೋಕೆ ಹೋಗಿದ್ರಾ?"

"ನಾನಾ? ನಮ್ಮಲ್ಲಿ ಎತ್ತೋಕೆ ಜನ ಇದ್ದಾರೆ."

ಉತ್ತರ ಸ್ವಲ್ಪ ಬೇಗ ಬಂತು. ಸರ್ವೇಯರಮ್ಮ ಕನ್ನಡಕ ಹಾಕಿಕೊಂಡರು.

ಮೇಸ್ತ್ರಿ ಗಾಡಿಯನ್ನು ನ್ಯೂಟ್ರಲಿಗೆ ಹಾಕಿ, ಅಂಗೈಯಿಂದ ಒಂದು ಗೇಣು ಹಿಂದಕ್ಕೆ ದೂಡಿದರು, ಮತ್ತೆ ಮುಂದಕ್ಕೆ ತಂದರು. ಕ್ಯಾಮೆರಾಗಳು ಫಲಕಗಳನ್ನು ಗುರುತು ಹಿಡಿದವು. ಸ್ಟೀರಿಂಗನ್ನು ನೇರ ಮಾಡಿ, ಅಲ್ಲಾಡದಂತೆ ಸರಳಿನಿಂದ ಬಿಗಿದರು. ಬ್ರೇಕಿನ ಪೆಡಲಿಗೆ ಕೋಲು ಆನಿಸಿದರು. ಆಮೇಲೆ ಹಿಂದೆ ಸರಿದು ಎದೆಯ ಮೇಲೆ ಕೈ ಕಟ್ಟಿ ಪರದೆ ನೋಡಿದರು.

ಪರದೆಯ ಮೇಲೆ ಒಂದೊಂದೇ ಅಂಕಿ ಮೂಡಿತು. ಹಿಂದಿನ ಎಡ ಚಕ್ರ, ಹಸಿರು. ಹಿಂದಿನ ಬಲ, ಹಸಿರು. ಮುಂದಿನ ಎರಡೂ, ಹಸಿರು.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು.

"ಏನಾಯ್ತು?" ಎಂದ ಅಳಿಯ.

"ಏನೂ ಆಗಿಲ್ಲ. ಅದೇ ಆಗಿರೋದು."

"ಅಂದ್ರೆ?"

"ಚಕ್ರ ಎಲ್ಲಾ ಸರಿ ಇವೆ. ಮಾಡೋಕೆ ಏನೂ ಇಲ್ಲ."

"ಎಳೀತಾ ಇದೆಯಲ್ರೀ ಮತ್ತೆ!"

"ಎಳೀತದೆ. ನಾನೇ ಓಡಿಸಿ ನೋಡಿದ್ನಲ್ಲ. ಮುಂದಿನ ಟೈರು ಅದಲು ಬದಲು ಮಾಡ್ಯೂ ನೋಡ್ದೆ. ಆಗ್ಲೂ ಬಲಕ್ಕೇ." ಮೇಸ್ತ್ರಿ ಒಂದು ಕಣ್ಣು ಮುಚ್ಚಿದರು. "ಇದು ನನ್ನ ಶೆಡ್ಡಿಂದ ಹೀಗೇ ಆಚೆ ಹೋದ್ರೆ ಊರವರು ಏನಂತಾರೆ ಗೊತ್ತಾ? ನೂಲು ಮೇಸ್ತ್ರಿಗೆ ವಯಸ್ಸಾಯ್ತು ಅಂತಾರೆ."

"ವಯಸ್ಸು ಆಗಿದೆಯಲ್ಲ," ಎಂದರು ಸರ್ವೇಯರಮ್ಮ.

"ಆಗಿರೋದು ಬೇರೆ, ಅವರು ಅನ್ನೋದು ಬೇರೆ ಅಮ್ಮ."

ಅಳಿಯ ಗಡಿಯಾರ ನೋಡಿಕೊಂಡ. "ಬಿಡಿ ಮೇಸ್ತ್ರಿ. ಸರಿ ಇದೆ ಅಂದ್ಮೇಲೆ ನಾನು ಹೊರಡ್ತೀನಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಂಡ್ರಾಯ್ತು."

ಕ್ಲೇಮ್ ಕೇಳಿದವನು, ತಗಾದೆ ತೆಗೆದವನು, ಈಗ ಒಮ್ಮೆಲೇ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಳ್ಳುವ ಉದಾರಿಯಾಗಿದ್ದ. ಸರ್ವೇಯರಮ್ಮನಿಗೆ ಕುರ್ಚಿ ಚುಚ್ಚಿದ ಹಾಗಾಯಿತು. ಎದ್ದು ಬಂದು ಗಾಡಿಯ ಹಿಂದೆ ನಿಂತರು. ಬಗ್ಗಿ ನೋಡಿದರು. ಎಡಗಡೆಗೂ ಬಲಗಡೆಗೂ ನೆಲದಿಂದ ಒಂದೇ ಎತ್ತರ. ಮಟ್ಟಗೋಲು ಇಟ್ಟರೆ ಗುಳ್ಳೆ ನಡುವೆಯೇ ನಿಲ್ಲುತ್ತಿತ್ತು.

ಸ್ಪ್ರಿಂಗಿನ ಗಾಡಿಯಾಗಿದ್ದರೆ ಭಾರ ಇರುವ ಕಡೆಗೆ ಸೊಂಟ ವಾಲಿಸಿ ಸತ್ಯ ಹೇಳಿಬಿಡುತ್ತಿತ್ತು. ಈ ಗಾಳಿಯ ಗಾಡಿ ಮರ್ಯಾದಸ್ಥರ ಮನೆಯಿದ್ದ ಹಾಗೆ. ಒಳಗೆ ಎಷ್ಟೇ ಭಾರವಿರಲಿ, ನೆಂಟರ ಎದುರು ನೆಟ್ಟಗೇ ನಿಲ್ಲುತ್ತದೆ. ಹಾಗೆ ನಿಲ್ಲಲು ಒಳಗೊಳಗೆ ಎಷ್ಟು ಹೆಣಗುತ್ತಿದೆ ಎನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

"ಮೇಸ್ತ್ರಿ," ಎಂದರು. "ಒಂದೊಂದು ಚೀಲದಲ್ಲಿ ಗಾಳಿ ಎಷ್ಟಿದೆ ಅಂತ ಸ್ಕ್ಯಾನರ್ ಹೇಳತ್ತಾ?"

ಮೇಸ್ತ್ರಿಯ ಮುಚ್ಚಿದ ಕಣ್ಣು ತೆರೆಯಿತು.

"ಬೇಡ ಬಿಡಿ," ಎಂದ ಅಳಿಯ. "ಸುಮ್ನೆ ಟೈಮ್ ವೇಸ್ಟು."

"ಸಾರ್, ನಿಮ್ಮ ಟೈಮು. ನನ್ನ ಹೆಸರು," ಎಂದು ಮೇಸ್ತ್ರಿ ಸ್ಟೀರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಚುಚ್ಚಿದರು.

ಮುಂದಿನ ಎರಡು ಚೀಲ ಹತ್ತಿರ ಹತ್ತಿರ. ಹಿಂದಿನ ಎಡ ಇರಬೇಕಾದಷ್ಟು. ಹಿಂದಿನ ಬಲದ ಅಂಕಿ ಮಾತ್ರ ಉಳಿದವನ್ನು ಬಿಟ್ಟು ಮೇಲೆ ಹತ್ತಿ ಕೂತಿತ್ತು.

"ನೋಡಿ, ಹಿಂದೆ ಬಲಗಡೆ ಎಷ್ಟು ಉಬ್ಬಿಕೊಂಡಿದೆ," ಎಂದರು ಮೇಸ್ತ್ರಿ. "ಆ ಮೂಲೇಲಿ ಯಾರೋ ಕೂತಿದ್ದಾರೆ ಅನ್ನೋ ಹಾಗೆ."

"ಸೆನ್ಸರ್ ಕೆಟ್ಟಿರತ್ತೆ," ಎಂದ ಅಳಿಯ.

"ಕೆಟ್ಟಿದ್ರೆ ಗೊತ್ತಾಗತ್ತೆ."

ಮೂಲೆಯಲ್ಲಿ ಮರಳಿನ ಚೀಲಗಳ ಒಂದು ಸಣ್ಣ ರಾಶಿಯಿತ್ತು. ಕೆಲವು ಕಂಪನಿಯ ಗಾಡಿಗಳಿಗೆ ಡ್ರೈವರ್ ಕೂತಷ್ಟೇ ಭಾರವನ್ನು ಸೀಟಿನ ಮೇಲಿಟ್ಟು ಅಲೈನ್‌ಮೆಂಟ್ ಮಾಡಬೇಕಂತೆ. ಅದಕ್ಕೆಂದು ತೂಕ ಮಾಡಿ ಹೊಲಿದಿಟ್ಟಿದ್ದವು. ಮೇಸ್ತ್ರಿ ಎತ್ತರದ ಲಾಕ್ ಬಿಡಿಸಿ, ಡಿಕ್ಕಿಯ ಎಡ ಅಂಚಿಗೆ ಒಂದು ಚೀಲ ಇಟ್ಟರು. ಗಾಡಿ ಎಡಕ್ಕೆ ತುಸು ಕುಸಿಯಿತು. ಕೂಡಲೇ ಒಳಗೆಲ್ಲೋ ಕಂಪ್ರೆಸರ್ ಗುರುಗುಟ್ಟಿ ಎಡಚೀಲಕ್ಕೆ ಗಾಳಿ ತುಂಬಿತು. ಗಾಡಿ ನೆಟ್ಟಗಾಯಿತು. ಎಡದ ಅಂಕಿ ಮೇಲೇರಿತು, ಆದರೆ ಬಲವನ್ನು ಮುಟ್ಟಲಿಲ್ಲ. ಇನ್ನೊಂದು ಚಿಕ್ಕ ಚೀಲ ಇಟ್ಟರು. ಮತ್ತೆ ಗುರುಗುಟ್ಟಿತು.

ಎಡ, ಬಲ ಎರಡೂ ಒಂದೇ ಅಂಕಿಗೆ ಬಂದು ನಿಂತವು.

"ಸೆನ್ಸರ್ ನಮ್ಮಪ್ಪನಾಣೆಗೂ ಸರಿ ಇದೆ," ಎಂದರು ಮೇಸ್ತ್ರಿ. "ಬಲಗಡೆ ನಮ್ಮ ಈ ಎರಡು ಚೀಲದಷ್ಟು ತೂಕ ಎಲ್ಲೋ ಅಡಗಿದೆ. ಸಿಮೆಂಟ್ ಮೂಟೆಗೆ ಸ್ವಲ್ಪ ಕಮ್ಮಿ."

ಅಳಿಯ ನಗಲು ನೋಡಿದ. ಬಾಯಿ ತೆರೆಯಿತು, ನಗು ಬರಲಿಲ್ಲ.

ಸರ್ವೇಯರಮ್ಮ ಆಗಲೇ ಡಿಕ್ಕಿಯೊಳಗೆ ತಲೆ ಹಾಕಿದ್ದರು. ಬಲಚಕ್ರದ ಮೇಲಿನ ಗೋಡೆಗೆ ಮೆತ್ತನೆಯ ಬೂದು ಬಟ್ಟೆ ಹೊದಿಸಿದ ಫಲಕ. ಗೆಣ್ಣಿನಿಂದ ತಟ್ಟಿದರು. ಎಡಕ್ಕೂ ತಟ್ಟಿದರು. ಎಡ ಟೊಳ್ಳಾಗಿ ಮಾತಾಡಿತು, ಬಲ ಮಾತಾಡಲಿಲ್ಲ.

"ಇದನ್ನ ತೆಗೀರಿ ಮೇಸ್ತ್ರಿ."

"ಯಾರನ್ನ ಕೇಳಿ ತೆಗೀತೀರಾ?" ಎಂದ ಅಳಿಯ.

"ನೀವೇ ಕ್ಲೇಮ್ ಕೇಳಿದ್ರಲ್ಲ. ಎಳೆಯೋದಕ್ಕೆ ಕಾರಣ ಬರೀಬೇಕು ನಾನು. ‘ಎಲ್ಲೋ ಇದ್ದ ಹಳ್ಳ’ ಅಂತ ಬರೆದ್ರೆ ನನ್ನ ಕೆಲಸ ಹೋಗತ್ತೆ."

ಫಲಕ ತೆಗೆಯುವುದು ಸುಲಭವಾಗಿರಲಿಲ್ಲ. ಮೇಸ್ತ್ರಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೇಲಿಂದ ಎಬ್ಬಿಸಿದರು, ಬರಲಿಲ್ಲ. ಪಕ್ಕದಿಂದ ಎಬ್ಬಿಸಿದರು, ಬರಲಿಲ್ಲ. ಫಲಕ ಮಾಡಿದವನ ವಂಶವನ್ನು ಸಾಕಷ್ಟು ಹಿಂದಿನ ತಲೆಮಾರಿನಿಂದ ನೆನೆದರು. ಉಗುರು ಕಿತ್ತುಕೊಂಡು ಬೆರಳು ಬಾಯಿಗಿಟ್ಟರು. ಕೊನೆಗೆ ಕೆಳಗಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಒಂದು ಕೊಂಡಿ ಕೈಗೆ ಸಿಕ್ಕಿತು. ಒಳಗೊತ್ತಿ ತಮ್ಮ ಕಡೆಗೆ ಎಳೆದಾಗ ‘ಟಕ್’ ಎಂದಿತು.

ಒಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟು. ಮೇಸ್ತ್ರಿ ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ಎದೆಗೊತ್ತಿಕೊಂಡು ತಂದು ಬೆಂಚಿನ ಮೇಲಿಟ್ಟರು. ಬೆಂಚು ನರಳಿತು. ಟವೆಲ್ ಬಿಚ್ಚಿದರು.

ಎಣ್ಣೆ ಸವರಿದ ಉಕ್ಕು. ದಪ್ಪನೆಯ ಚೌಕದ ಮೇಲೆ ಸಾಲು ಸಾಲಾಗಿ ಗುಂಡಿಯಾಕಾರದ ಕುಳಿಗಳು. ಒಂದೊಂದು ಕುಳಿಯ ಅಂಚಿಗೂ ಸಣ್ಣ ಎಲೆಗಳ ಬಳ್ಳಿ, ಕೂದಲಿಗಿಂತ ತೆಳುವಾಗಿ ಕೆತ್ತಿದ್ದು. ಅಚ್ಚಿನಜ್ಜನ ಕೈ.

ಮೊದಲು ಮಾತಾಡಿದವನು ಅಳಿಯ.

"ಅಯ್ಯೋ! ಇದು ನಮ್ಮ ಅಚ್ಚು!" ಎಂದ. "ನೋಡಿದ್ರಾ ಮೇಡಂ ಆ ಡ್ರೈವರ್ ಬುದ್ಧೀನ? ನಮ್ಮ ಗಾಡೀಲೇ ಬಚ್ಚಿಟ್ಟಿದ್ದಾನೆ! ಅಜ್ಜನ ತಲೆ ಒಡೆದು, ಗಾಡೀಲಿ ತುಂಬಿ, ಏನೂ ಗೊತ್ತಿಲ್ಲದೋನ ಹಾಗೆ ಮಾವನ್ನ ಮನೆಗೆ ಬಿಟ್ಟಿದ್ದಾನೆ. ಪೊಲೀಸರು ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲ ಅಂತಿದ್ರು. ನೀವೇ ಹುಡುಕಿಕೊಟ್ರಿ. ತುಂಬಾ ಥ್ಯಾಂಕ್ಸ್ ಮೇಡಂ."

ಫೋನು ಕೈಗೆ ಬಂದಾಗಿತ್ತು.

ಮೈದುನನನ್ನು ಬಿಡಿಸಲು ಬಂದವರು ಅವನ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟಂತಾಯಿತು. ಸಾಕ್ಷಿ ಸಾಲದೆ ಇದ್ದದ್ದೇ ಇಷ್ಟು ದಿನ ಹುಡುಗನನ್ನು ಕಾಪಾಡಿದ್ದು. "ಊರವರ ಗಾಡಿಯ ಸೊಟ್ಟ ನೋಡಿದ್ದು ಸಾಕು, ಮೊದಲು ಮನೆ ಹುಡುಗನ್ನ ಕರ್ಕೊಂಡು ಬಾ" ಎಂದು ಬೆಳಗ್ಗೆ ಬಾಗಿಲಲ್ಲಿ ನಿಂತು ಹೇಳಿದ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಅತ್ತೆ ಅಳುವವರ ಪೈಕಿಯಲ್ಲ. ಅಂಥವರ ಗಲ್ಲ ನಡುಗಿತ್ತು.

ಸರ್ವೇಯರಮ್ಮ ಧ್ವನಿಯನ್ನು ಮಟ್ಟಕ್ಕೆ ತಂದುಕೊಂಡರು.

"ಫೋನ್ ಮಾಡಿ, ಮಾಡ್ಲೇಬೇಕು. ಆದ್ರೆ ಪೊಲೀಸರು ಬಂದು ಕೇಳ್ತಾರೆ. ಇದು ಪೂರ್ತಿ ಅಚ್ಚಾ? ನನಗೇನೋ ಒಂದೇ ಮಗ್ಗುಲು ಇದ್ದಂಗಿದೆ."

"ಅರ್ಧ," ಎಂದ ಅಳಿಯ ಉತ್ಸಾಹದಿಂದ. "ಅಚ್ಚಿಗೆ ಎರಡು ಭಾಗ ಮೇಡಂ. ಎರಡೂ ಸೇರಿದ್ರೇನೇ ಗುಂಡಿ ಬರೋದು. ಒಂದೇ ಇದ್ರೆ ಬರೀ ಕಬ್ಬಿಣ."

"ಹಾಗಾದ್ರೆ ಇನ್ನರ್ಧ?"

"ಇಲ್ಲೇ ಇರತ್ತೆ, ತೋರಿಸ್ತೀನಿ!"

ಡಿಕ್ಕಿಯ ಎಡಗಡೆಗೆ ಹೋದ. ಬಗ್ಗಿದ, ಸೊಂಟ ಹಿಡಿದುಕೊಂಡ, ಕೆಳಗಿನ ಮೂಲೆಗೆ ನೋಡದೆ ಹೆಬ್ಬೆರಳು ಹಾಕಿದ. ಒತ್ತಿದ, ಎಳೆದ. ‘ಟಕ್’.

ಬಾಯಿಗೆ ನಟನೆ ಕಲಿಸಿದವನು ಬೆರಳಿಗೆ ಕಲಿ​ಸುವುದನ್ನು ಮರೆತಿದ್ದ.

ಮೇಸ್ತ್ರಿ ತಮ್ಮ ಕಿತ್ತ ಉಗುರನ್ನು ನೋಡಿಕೊಂಡರು. ಆಮೇಲೆ ಅಳಿಯನ ಹೆಬ್ಬೆರಳನ್ನು ನೋಡಿದರು.

ಎಡಗಡೆಯ ಗೂಡಿನಲ್ಲಿ ಏನೂ ಇರಲಿಲ್ಲ. ಉಕ್ಕು ಕೂತಿದ್ದ ಕಡೆ ಎಣ್ಣೆಯ ಚೌಕಾಕಾರದ ಕಲೆ ಮಾತ್ರ.

"ಎಲ್ಲಿ ಹೋಯ್ತು?" ಎಂದ ಅಳಿಯ. ಈ ಸಲ ಧ್ವನಿಯಲ್ಲಿ ಯಾವ ನಟನೆಯೂ ಇರಲಿಲ್ಲ. ಗೂಡಿನೊಳಗೆ ಕೈ ಹಾಕಿ ತಡಕಿದ. "ಇಲ್ಲೇ ಇತ್ತಲ್ಲ... ಎಲ್ಲಿ ಹೋಯ್ತು?"

"ಇಲ್ಲೇ ಇತ್ತು ಅಂತ ನಿಮಗೆ ಹೇಗೆ ಗೊತ್ತು?"

ಅಳಿಯ ತಿರುಗಿದ. ಮುಖದಲ್ಲಿ ಬೆವರು ಸಣ್ಣ ಸಣ್ಣ ಗುಂಡಿಗಳ ಹಾಗೆ ಎದ್ದಿತ್ತು.

"ಆ ಕಡೆ ಇದ್ರೆ ಈ ಕಡೇನೂ ಇರತ್ತೆ. ಅಷ್ಟೂ ತಲೆ ಓಡಲ್ವಾ ನನಗೆ?"

"ತಲೆ ಓಡಿದ್ದು ಸರಿ. ಬೆರಳು ಹೇಗೆ ಓಡ್ತು? ಮೇಸ್ತ್ರಿ ಹುಟ್ಟಿದಾಗಿಂದ ಗಾಡಿ ಬಿಚ್ಚೋರು, ಅವರೇ ಪಟ್ಟಿ ಹಿಡ್ಕೊಂಡು ಒದ್ದಾಡಿದ್ರು."

"ಗಾಡಿ ನಮ್ಮದು. ಗೊತ್ತಿರಲ್ವಾ?"

"ಇರಬೇಕು. ಹಾಗೇ ಇನ್ನೊಂದು ವಿಷಯ. ಎರಡು ಕಡೇನೂ ಒಂದೇ ತೂಕ ಇದ್ದಾಗ ಗಾಡಿ ಗೆರೆ ಎಳೆದ ಹಾಗೆ ಹೋಗ್ತಿತ್ತು. ಯಾವಾಗ ಎಡಗಡೇದು ಹೋಯ್ತೋ, ಆವಾಗ ಬಲಕ್ಕೆ ಎಳೆಯೋಕೆ ಶುರುವಾಯ್ತು. ಯಾವಾಗಿಂದ ಎಳೀತಿದೆ ಅಂದ್ರಿ?"

ಅಳಿಯ ಬೆವರು ಒರೆಸಿಕೊಂಡ.

"ನಿನ್ನೆ, ಬುಧವಾರ ಬೆಳಗ್ಗೆಯಿಂದ ಅಂತ ನೀವೇ ಹೇಳಿದ್ರಿ. ಡ್ರೈವರ್ ಸೋಮವಾರ ರಾತ್ರಿಯಿಂದ ಕಂಬಿ ಹಿಂದೆ ಇದ್ದಾನೆ. ಅವನು ಕಂಬಿ ಒಳಗಿಂದ ಕೈ ಚಾಚಿ ತೆಗೆದ್ನಾ?"

"ಮೇಡಂ, ನೀವು..."

"ಎಡಗಡೇದು ಹೋಗಿರೋದು ನಿಮಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ರೆ ಗಾಡೀನ ಇಲ್ಲಿಗೆ ತರ್ತಿರ್ಲಿಲ್ಲ. ಚಕ್ರ ಸೊಟ್ಟ ಆಗಿದೆ ಅಂದ್ಕೊಂಡ್ರಿ. ಎರಡನ್ನೂ ತಗೊಂಡು ಇವತ್ತು ದೂರ ಹೊರಟಿದ್ರಿ. ಯಾರಿಗೆ ಕೊಡೋಕೆ?"

"ಯಾರ್ರೀ ನೀವು ಇದನ್ನೆಲ್ಲಾ ಕೇಳೋಕೆ?" ಅಳಿಯನ ಧ್ವನಿ ಶೆಡ್ಡಿನ ತಗಡಿಗೆ ಬಡಿಯಿತು. "ಟೈರು ನೋಡೋಕೆ ಬಂದೋರು ಟೈರು ನೋಡಿ! ಆ ಡ್ರೈವರ್ ನಿಮಗೆ ಏನಾಗ್ಬೇಕು?"

"ಮೈದುನ ಆಗ್ಬೇಕು, ಅಳಿಯಂದಿರೇ."

ಹೇಳಿದ್ದು ಸರ್ವೇಯರಮ್ಮ ಅಲ್ಲ. ಮೇಸ್ತ್ರಿಯೂ ಅಲ್ಲ.

ಹೇಳಿದ್ದು ಗಾಡಿ.

ವಯಸ್ಸಾದ, ನಿಧಾನವಾದ, ಗಂಟಲಲ್ಲಿ ಸ್ವಲ್ಪ ಕಫ ಕಟ್ಟಿದ ಧ್ವನಿ ಗಾಡಿಯ ಮುಂಭಾಗದ ಸ್ಪೀಕರಿನಿಂದ ಬರುತ್ತಿತ್ತು. ಮೇಸ್ತ್ರಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮರಳಿನ ಚೀಲದ ಮೇಲೆ ಕೂತುಬಿಟ್ಟರು.

"ಮಾವ?" ಎಂದ ಅಳಿಯ. ಯಾವ ಕಡೆಗೆ ಮುಖ ಮಾಡಿ ವಿನಯ ತೋರಿಸಬೇಕೆಂದು ತಿಳಿಯದೆ, ಒಮ್ಮೆ ಬಾನೆಟ್ಟನ್ನೂ ಒಮ್ಮೆ ಹಿಂದಿನ ದೀಪವನ್ನೂ ನೋಡಿದ.

"ಗಾಡಿ ನನ್ನ ಹೆಸರಲ್ಲಿದೆ. ಅದರ ಕಣ್ಣೂ ನಂದೇ, ಬಾಯೂ ನಂದೇ. ಫೋನಲ್ಲಿ ಒತ್ತಿದ್ರೆ ನಿಮ್ಮನ್ನೆಲ್ಲಾ ನೋಡ್ಬಹುದು, ಮಾತೂ ಆಡ್ಬಹುದು. ನಿಮಗೆ ಕಲಿಸಿದೋರೇ ನನಗೂ ಕಲಿಸಿದ್ರು ಅಳಿಯಂದಿರೇ, ನೀವು ಕಲಿಯೋಕೆ ಹೋಗ್ಲಿಲ್ಲ ಅಷ್ಟೆ." ಧ್ವನಿ ಒಂದು ಕ್ಷಣ ಕೆಮ್ಮಿತು. "ನಮಸ್ಕಾರ ಅಮ್ಮ. ಮೇಸ್ತ್ರಿಗಳೇ, ನಮಸ್ಕಾರ."

"ನಮಸ್ಕಾರ," ಎಂದರು ಮೇಸ್ತ್ರಿ, ಅಭ್ಯಾಸಬಲದಿಂದ, ಗಾಡಿಗೆ ಕೈ ಮುಗಿದು.

"ನಾನು ಆಸ್ಪತ್ರೆಯಲ್ಲಿದ್ದೀನಿ," ಎಂದಿತು ಧ್ವನಿ. "ಅಚ್ಚಿನಜ್ಜ ಈಗ ತಾನೇ ಹೋದ್ರು."

ಅಳಿಯ ಡಿಕ್ಕಿಯ ಅಂಚಿನ ಮೇಲೆ ಕುಸಿದು ಕೂತ. ಗಾಡಿ ಗುರುಗುಟ್ಟಿ ಅವನ ಭಾರವನ್ನೂ ಸರಿದೂಗಿಸಿಕೊಂಡಿತು.

ಸರ್ವೇಯರಮ್ಮ ಕಣ್ಣು ಮುಚ್ಚಿ ತೆರೆದರು. ಹಾಗಾದರೆ ಇದು ಇನ್ನು ಕಳ್ಳತನದ ಕೇಸಲ್ಲ. ಕೊಲೆ. ನಾಳೆ ಬೆಳಗ್ಗೆ ಮತ್ತೆ ಕೋರ್ಟಿನಲ್ಲಿ ನಿಲ್ಲುವಾಗ ಮೈದುನನ ಹೆಸರಿನ ಎದುರು ಆ ಪದ ಇರುತ್ತದೆ.

"ಯಜಮಾನರೇ," ಎಂದರು ಗಾಡಿಯ ಕನ್ನಡಿಯ ಬಳಿಯ ಪುಟ್ಟ ಕ್ಯಾಮೆರಾವನ್ನು ನೇರವಾಗಿ ನೋಡುತ್ತಾ. "ನೀವು ಇಲ್ಲಿ ನಡೆದದ್ದೆಲ್ಲಾ ನೋಡಿದ್ದೀರಿ. ಅಜ್ಜ ನಿಮ್ಮ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ರು?"

"ನನ್ನ ಮದುವೆಗೆ ಬಂದಿದ್ರು."

"ಮತ್ತೆ?"

"ಮತ್ತೆ ಏನಮ್ಮ? ನನಗಿರೋದು ಒಬ್ಬಳೇ ಮಗಳು." ಧ್ವನಿ ಏರಲಿಲ್ಲ, ಇಳಿಯಲಿಲ್ಲ. "ಕೇಳಿ. ಆ ಅರ್ಧ ಅಚ್ಚನ್ನ ಟವೆಲ್ಲಲ್ಲಿ ಸುತ್ತಿ, ಇದ್ದಲ್ಲೇ ಇಟ್ಟು, ಫಲಕ ಮುಚ್ಚಲಿ. ಗಾಡಿ ನನ್ನ ಮನೆಗೆ ಬರಲಿ. ಸಂಜೆ ಒಳಗೆ ಎರಡು ಭಾಗಾನೂ ಅಚ್ಚಿನ ಕೋಣೆ ಕಪಾಟಲ್ಲಿ ಇರತ್ತೆ. ಅಚ್ಚು ಕಳುವೇ ಆಗಿಲ್ಲ, ಹುಡುಕಿದ್ದು ಸಾಲದು ಅಂತ ನಾನೇ ಬರೆದುಕೊಡ್ತೀನಿ. ಅಜ್ಜ ಕಾಲು ಜಾರಿ ಬಿದ್ರು. ನಾಳೆ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮೈದುನ ಮನೇಲಿ ಊಟ ಮಾಡ್ತಿರ್ತಾನೆ."

ಎಂಥ ಒಳ್ಳೆಯ ಏರ್ಪಾಡು! ಎಲ್ಲವೂ ಮಟ್ಟವಾಗಿ ಕೂರುತ್ತದೆ. ಒಬ್ಬ ಮುದುಕ ಮಾತ್ರ ತಾನಾಗಿಯೇ ಜಾರಿ ಬಿದ್ದವನಾಗುತ್ತಾನೆ.

ಒಂದು ಮಾತು ಸರ್ವೇಯರಮ್ಮನ ಕಿವಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿಕೊಂಡರು.

"ಎರಡು ಭಾಗಾನೂ ಅಂದ್ರಿ. ಎಡಗಡೇದು ಎಲ್ಲಿ ಹೋಯ್ತು ಅಂತ ನಿಮ್ಮ ಅಳಿಯ ಬೆವರು ಸುರಿಸಿದ್ರು. ನೀವು ಒಂದ್ಸಲವೂ ಕೇಳ್ಲಿಲ್ಲ."

ಸ್ಪೀಕರಿನಲ್ಲಿ ಆಸ್ಪತ್ರೆಯ ಗಾಲಿಕುರ್ಚಿಯ ಕಿರಕಿರ ಕೇಳಿಸಿತು. ಯಾರೋ ಅತ್ತರು, ದೂರದಲ್ಲಿ.

"ತೆಗೆಸಿದ್ದು ನಾನೇ," ಎಂದಿತು ಧ್ವನಿ. "ಅರ್ಧ ನನ್ನ ಹತ್ರ ಇದ್ರೆ ಇವರಿಗೆ ಇನ್ನರ್ಧ ಮಾರೋಕಾಗಲ್ಲ."

ಅಳಿಯ ತಲೆ ಎತ್ತಲಿಲ್ಲ.

"ಈಗ ಎಲ್ಲಿದೆ?"

"ನಿಮ್ಮನೇಲಿ."

ಮೇಸ್ತ್ರಿಯ ಎರಡೂ ಕಣ್ಣು ತೆರೆದುಕೊಂಡವು.

"ನಿಮ್ಮ ಮೈದುನನ ಮಂಚದ ಕೆಳಗೆ. ನಿನ್ನೆ ಅವನ ಸಾಮಾನು ಅಂತ ಹೇಳಿ ನಮ್ಮ ಮನುಷ್ಯ ಒಂದು ಚೀಲ ಇಟ್ಟು ಬಂದ. ನಿಮ್ಮತ್ತೆ ಅವನಿಗೆ ನೀರು ಕೊಟ್ರಂತೆ, ಒಳ್ಳೆ ಹೆಂಗಸು. ಅವನು ಈಗ್ಲೂ ಅಲ್ಲೇ, ನಿಮ್ಮ ಬೀದಿ ತುದೀಲಿದ್ದಾನೆ. ನಾನು ಹೂಂ ಅಂದ್ರೆ ಚೀಲ ವಾಪಸ್ ತರ್ತಾನೆ. ಉಹೂಂ ಅಂದ್ರೆ ಸ್ಟೇಷನ್ನಿಗೆ ಫೋನ್ ಮಾಡ್ತಾನೆ. ಪೊಲೀಸರು ಇಷ್ಟು ದಿನ ನಿಮ್ಮನೆ ಹುಡುಕಿಲ್ಲ. ಸೋಮಾರಿಗಳು. ದಾರಿ ತೋರಿಸಿದ್ರೆ ಹುಡುಕ್ತಾರೆ." ಮತ್ತೆ ಕೆಮ್ಮು. "ಹೇಳಿ ಅಮ್ಮ. ನಾನು ಏನನ್ಲಿ?"

ಬೆಂಚಿನ ಮೇಲೆ ಉಕ್ಕಿನ ಬಳ್ಳಿಗಳು ಟ್ಯೂಬ್‌ಲೈಟಿಗೆ ಮಿನುಗುತ್ತಿದ್ದವು. ಅಜ್ಜ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಅವನ್ನು ಕೆತ್ತುವಾಗ, ಊಟಕ್ಕೆ, ಕಾಫಿಗೆ ಕರೆಯಲು ಹೋಗುತ್ತಿದ್ದವನು ಮೈದುನನೇ. ಸೋಮವಾರ ಸಂಜೆ ಹಾಗೆ ಕರೆಯಲು ಹೋದದ್ದಕ್ಕೇ ಸಿಕ್ಕಿಬಿದ್ದಿದ್ದ.

ಮೇಸ್ತ್ರಿ ಎದ್ದು ಬಂದು ಟವೆಲ್ ಕೈಗೆತ್ತಿಕೊಂಡರು. ಉಕ್ಕನ್ನು ನೋಡಿದರು, ತೆರೆದ ಗೂಡನ್ನು ನೋಡಿದರು.

"ಮುಚ್ಚಲಾ ಅಮ್ಮ?" ಎಂದರು ಪಿಸುಧ್ವನಿಯಲ್ಲಿ.

ಅಷ್ಟರಲ್ಲಿ ಸರ್ವೇಯರಮ್ಮನ ಚೀಲದೊಳಗೆ ಫೋನು ಗುನುಗಿತು. ತೆಗೆದು ಕಿವಿಗಿಟ್ಟರು.

"ಎಲ್ಲಿದ್ದೀಯೇ ನೀನು?" ಅತ್ತೆಯ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ನಿನ್ನೆ ಯಾರೋ ಅವನ ಚೀಲ ಇಟ್ಟು ಹೋಗಿದ್ರಲ್ಲ, ನಿನಗೆ ಹೇಳೋದೇ ಮರೆತೆ. ಕೆಳಗೆ ಕಸ ಗುಡಿಸೋಕೆ ಅಂತ ಎಳೆದ್ರೆ ಬರ್ತಾನೇ ಇರ್ಲಿಲ್ಲ. ಬಿಚ್ಚಿ ನೋಡ್ದೆ. ಏನೋ ಕಬ್ಬಿಣ ಕಣೇ, ಅಂಚಿಗೆಲ್ಲಾ ಒಣಗಿದ ರಕ್ತ. ಜೊತೇಲಿ ಒಂದು ಹೆಣ್ಣಿನ ಬಳೆ ಚೂರೂ ಇದೆ."

"ಬಳೆನಾ?" ‘ನನಗಿರೋದು ಒಬ್ಬಳೇ ಮಗಳು’ ಎಂದಿದ್ದ ಧ್ವನಿ ಸರ್ವೇಯರಮ್ಮನಿಗೆ ಮತ್ತೆ ಕೇಳಿಸಿದ ಹಾಗಾಯಿತು.

"ಹೂಂ. ಈಗ ಯಾರೋ ಬಾಗಿಲು ತಟ್ತಿದಾರೆ. ಯಾರು ಅಂದ್ರೆ ಹೇಳ್ತಾ ಇಲ್ಲ. ತೆಗೀಲಾ?"